ಹಾನಿಯ ಲೆಕ್ಕದಲ್ಲಿ ಮಕ್ಕಳ ಮನಸ್ಸಿಗೂ ಜಾಗ ಬೇಕು

ಒಡಿಶಾದ ಕರಾವಳಿಗೆ 1999ರ ಅಕ್ಟೋಬರ್ 29ರಂದು ಅಪ್ಪಳಿಸಿದ ಮಹಾ ಚಂಡಮಾರುತ ಸುಮಾರು 10 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಒಂದು ವರ್ಷ ಕಳೆದ ಮೇಲೆ ಮನೋವೈದ್ಯ ನೀಲಮಾಧವ ಕರ್ ಮತ್ತು ಅವರ ಸಂಗಡಿಗರು ಅಲ್ಲಿನ 447 ಮಕ್ಕಳು ಹಾಗೂ ಹದಿಹರೆಯದವರನ್ನು ಮಾತನಾಡಿಸಿ ಪರೀಕ್ಷಿಸಿದರು. ನೂರರಲ್ಲಿ ಮೂವತ್ತು ಮಕ್ಕಳಿಗೆ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇತ್ತು. ಚಂಡಮಾರುತದ ಹೊಡೆತ ಜೋರಾಗಿದ್ದ ಊರುಗಳಲ್ಲಿ ಆ ಪ್ರಮಾಣ 43ನ್ನೂ ದಾಟಿತ್ತು. ಇದಕ್ಕಿಂತ ಕಳವಳ ಹುಟ್ಟಿಸುವ ಇನ್ನೊಂದು ಅಂಶ ಅದೇ ಅಧ್ಯಯನದಲ್ಲಿದೆ. ಈ ಮಕ್ಕಳ ಅಪ್ಪ ಅಮ್ಮಂದಿರೋ ಶಿಕ್ಷಕರೋ ‘ಇವನಿಗೆ ಏನೋ ಆಗಿದೆ’ ಎಂದು ಗುರುತಿಸಿದ್ದು ನೂರಕ್ಕೆ ಏಳು ಮಕ್ಕಳನ್ನು ಮಾತ್ರ. ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದು ವೈದ್ಯರು ನಿರ್ಧರಿಸಿದ 196 ಮಕ್ಕಳ ಪೈಕಿ ದೊಡ್ಡವರ ಗಮನಕ್ಕೆ ಬಂದಿದ್ದವರು ಶೇ 13ರಷ್ಟೂ ಇರಲಿಲ್ಲ.

ಆ ಹೆತ್ತವರನ್ನು ದೂರುವಂತಿಲ್ಲ. ಸೂರು ಹಾರಿಹೋಗಿ, ದನಕರು ಕೊಚ್ಚಿಹೋಗಿ, ಗದ್ದೆಯ ತುಂಬ ಉಪ್ಪುನೀರು ನಿಂತಿದ್ದ ಹೊತ್ತಿನಲ್ಲಿ ಅವರೂ ಕಂಗೆಟ್ಟಿದ್ದರು. ಮಕ್ಕಳಿಗೂ ಅದು ಗೊತ್ತಿರುತ್ತದೆ. ಅವ್ವನ ಕಣ್ಣೀರು ನೋಡಿದ ಹನ್ನೆರಡರ ಹುಡುಗಿ ತನ್ನ ಅಳುವನ್ನು ನುಂಗಿಕೊಳ್ಳುತ್ತಾಳೆ. ತರಗತಿಯಲ್ಲಿ ಗಲಾಟೆ ಮಾಡುವ ಹುಡುಗ ಮೇಷ್ಟರ ಕಣ್ಣಿಗೆ ಬೀಳುತ್ತಾನೆ, ಮೂಲೆಯಲ್ಲಿ ಸುಮ್ಮನೆ ಕೂತವಳು ‘ಒಳ್ಳೆಯ ಹುಡುಗಿ’ ಎನಿಸಿಕೊಳ್ಳುತ್ತಾಳೆ. ಹಾಗಾಗಿ ವಿಕೋಪದ ನಂತರ ಮಕ್ಕಳ ಮನಸ್ಸಿನ ಸ್ಥಿತಿ ತಿಳಿಯಬೇಕಾದರೆ ಮಕ್ಕಳನ್ನೇ ಕೇಳಬೇಕು. ಒಮ್ಮೆ ಕೇಳಿದರೆ ಸಾಲದು, ವರ್ಷ ವರ್ಷವೂ ಕೇಳಬೇಕು. ಕರ್ನಾಟಕ ಇಲ್ಲಿಯವರೆಗೆ ಮಾಡದಿರುವ ಕೆಲಸ ಇದು.

ಉಳಿದೆಲ್ಲವನ್ನೂ ಎಣಿಸುವುದರಲ್ಲಿ ನಮ್ಮ ವ್ಯವಸ್ಥೆ ಪಳಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಯ ಗುಡ್ಡಗಳು ಬಾಯಿಬಿಟ್ಟಾಗ ಕಂದಾಯ ಇಲಾಖೆಯ ಸಿಬ್ಬಂದಿ ಕೆಸರಿನಲ್ಲಿ ನಡೆದೇ ಹೋಗಿ ಬಿದ್ದ ಮನೆ, ಕೊಚ್ಚಿಹೋದ ಕಾಫಿ ತೋಟ, ಸತ್ತ ಜಾನುವಾರುಗಳ ಪಟ್ಟಿ ಮಾಡಿದರು. ಪ್ರತಿಯೊಂದಕ್ಕೂ ನಿಗದಿತ ದರವಿದೆ. ಕೇಂದ್ರ ಸರ್ಕಾರ 2022ರಲ್ಲಿ ಪರಿಷ್ಕರಿಸಿದ ಪರಿಹಾರ ಮಾನದಂಡದ ಪ್ರಕಾರ ಜೀವಹಾನಿಗೆ 4 ಲಕ್ಷ ರೂಪಾಯಿ, ಕರೆಯುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಆಡು ಕುರಿಗೆ 4 ಸಾವಿರ ರೂಪಾಯಿ. ಕೈಕಾಲು ಅಥವಾ ಕಣ್ಣು ಕಳೆದುಕೊಂಡವರಿಗೆ ಎಷ್ಟು ಎಂಬುದನ್ನೂ ಅದು ಹೇಳುತ್ತದೆ. ಇದು ಅಗತ್ಯವಾದ ಲೆಕ್ಕ. ಹಸು ಕಳೆದುಕೊಂಡ ಮನೆಗೆ ಆ ದುಡ್ಡು ಉಸಿರು. ಆದರೆ ಅದೇ ಮನೆಯಲ್ಲಿ ಮಳೆಯ ಸದ್ದಿಗೆ ಬೆಚ್ಚಿಬಿದ್ದು ರಾತ್ರಿಯೆಲ್ಲ ಎದ್ದು ಕೂರುವ ಮಗುವೂ ಇದೆ. ಮಗುವಿನ ನಿದ್ದೆಗೆ ಬೆಲೆ ಕಟ್ಟುವುದು ಬೇಡ. ಅದು ಕೆಟ್ಟಿದೆ ಎಂಬುದಾದರೂ ಎಲ್ಲೋ ಒಂದು ಕಡೆ ದಾಖಲಾಗಬೇಕು.

‘ಮಕ್ಕಳು ಬೇಗ ಮರೆಯುತ್ತಾರೆ ಬಿಡಿ’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. 1992ರ ಆಗಸ್ಟ್‌ನಲ್ಲಿ ಅಮೆರಿಕದ ಫ್ಲಾರಿಡಾವನ್ನು ಆ್ಯಂಡ್ರ್ಯೂ ಚಂಡಮಾರುತ ಧ್ವಂಸ ಮಾಡಿದ ಮೇಲೆ ಮನಶ್ಶಾಸ್ತ್ರಜ್ಞೆ ಆ್ಯನೆಟ್ ಲಾ ಗ್ರೆಕಾ ಅವರ ತಂಡ ಪ್ರಾಥಮಿಕ ಶಾಲೆಯ 442 ಮಕ್ಕಳನ್ನು 3, 7 ಮತ್ತು 10 ತಿಂಗಳ ಅಂತರದಲ್ಲಿ ಮೂರು ಸಲ ಪ್ರಶ್ನಿಸಿತು. ಒಟ್ಟಾರೆಯಾಗಿ ಲಕ್ಷಣಗಳು ಇಳಿಯುತ್ತಾ ಬಂದವು. ಹೆಚ್ಚಿನ ಮಕ್ಕಳು ಔಷಧಿ, ಚಿಕಿತ್ಸೆ ಇಲ್ಲದೆಯೇ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಬೇರೆ ಬೇರೆ ದೇಶಗಳ ಅಧ್ಯಯನಗಳೂ ಹೇಳುತ್ತವೆ. ಮನೆಯವರ, ಗೆಳೆಯರ, ಶಿಕ್ಷಕರ ಆಸರೆ ಸಿಕ್ಕರೆ ಈ ಚೇತರಿಕೆ ಇನ್ನೂ ಚುರುಕು. ಆದರೆ ಫ್ಲಾರಿಡಾದಲ್ಲೂ ಒಂದು ಪಾಲು ಮಕ್ಕಳು 10 ತಿಂಗಳ ನಂತರ ತೀವ್ರ ಸಂಕಟದಲ್ಲೇ ಇದ್ದರು. ಆ ಪಾಲು ಯಾವುದು? ಅಳತೆ ಬೇಕಾಗಿರುವುದು ಅದಕ್ಕೆ. ಎಲ್ಲ ಮಕ್ಕಳಿಗೂ ರೋಗಿಯ ಹಣೆಪಟ್ಟಿ ಹಚ್ಚುವುದಕ್ಕಲ್ಲ, ತಾವಾಗಿ ಮೇಲೇಳಲಾರದೆ ಹಿಂದೆ ಉಳಿದವರನ್ನು ಹುಡುಕುವುದಕ್ಕೆ.

ಹಿಂದೆ ಉಳಿದವರ ಪಾಡು ಎಷ್ಟು ದೀರ್ಘವಾಗಬಲ್ಲದು ಎಂಬುದಕ್ಕೆ ವೇಲ್ಸ್‌ನ ಅಬರ್‌ಫಾನ್ ಸಾಕ್ಷಿ. 1966ರ ಅಕ್ಟೋಬರ್ 21ರಂದು ನೀರು ಕುಡಿದ ಕಲ್ಲಿದ್ದಲು ತ್ಯಾಜ್ಯದ ಗುಡ್ಡ ಜಾರಿ ಊರಿನ ಶಾಲೆಯ ಮೇಲೆ ಬಿತ್ತು. 116 ಮಕ್ಕಳು, 28 ದೊಡ್ಡವರು ಸತ್ತರು. ಮನುಷ್ಯರೇ ಪೇರಿಸಿದ ಗುಡ್ಡವಾದ್ದರಿಂದ ಅದನ್ನು ಪ್ರಕೃತಿಯ ತಲೆಗೆ ಕಟ್ಟುವಂತಿಲ್ಲ, ಆದರೆ ಮಣ್ಣಿನಡಿ ಸಿಕ್ಕಿದ ಮಗುವಿಗೆ ಆ ವ್ಯತ್ಯಾಸ ಏನೂ ಅಲ್ಲ. ಬದುಕುಳಿದಿದ್ದ 41 ಮಂದಿಯನ್ನು 33 ವರ್ಷಗಳ ಬಳಿಕ ಪರೀಕ್ಷಿಸಿದಾಗ ಶೇ 29ರಷ್ಟು ಜನರಲ್ಲಿ ಪಿಟಿಎಸ್‌ಡಿ ಇನ್ನೂ ಇತ್ತು. ಅಷ್ಟು ಹೊತ್ತಿಗೆ ಅವರೆಲ್ಲ ನಡುವಯಸ್ಸಿನವರು.

ಜಪಾನಿನ ಉದಾಹರಣೆ ಕರ್ನಾಟಕಕ್ಕೆ ಹೆಚ್ಚು ಹತ್ತಿರದ್ದು. 1995ರ ಜನವರಿ 17ರ ಕೋಬೆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಹ್ಯೋಗೊ ಪ್ರಾಂತ್ಯದ ಶಿಕ್ಷಣ ಮಂಡಳಿ ಸರಳವಾದ ಒಂದು ನಿರ್ಧಾರ ಮಾಡಿತು. ಸಾರ್ವಜನಿಕ ಶಾಲೆಗಳಲ್ಲಿ ಮನಸ್ಸಿನ ಆರೈಕೆ ಬೇಕಿರುವ ಮಕ್ಕಳು ಎಷ್ಟಿದ್ದಾರೆ ಎಂದು ಪ್ರತಿವರ್ಷ ಎಣಿಸುವುದು, ಅಂಥ ಮಕ್ಕಳನ್ನು ನೋಡಿಕೊಳ್ಳಲೆಂದೇ ಹೆಚ್ಚುವರಿ ಶಿಕ್ಷಕರನ್ನು ನೇಮಿಸುವುದು. ಮೊದಲ ವರ್ಷ ದಾಟಿದರೆ ಸಂಖ್ಯೆ ಇಳಿಯುತ್ತದೆ ಎಂದು ಯಾರಾದರೂ ಊಹಿಸಬಹುದು. ಹಾಗಾಗಲಿಲ್ಲ. 1996ರಿಂದ 1999ರವರೆಗೆ ಆ ಸಂಖ್ಯೆ 4 ಸಾವಿರದ ಆಸುಪಾಸಿನಲ್ಲೇ ನಿಂತಿತು, ಆಮೇಲಷ್ಟೇ ಇಳಿಮುಖವಾಯಿತು. ಕಾರಣಗಳೂ ಬದಲಾಗುತ್ತಾ ಹೋದವು. ಮೊದಮೊದಲು ನೆಲ ನಡುಗಿದ ಭಯವೇ ಮುಂದಿತ್ತು. ವರ್ಷಗಳು ಕಳೆದಂತೆ ಮನೆ ಬದಲಾದದ್ದು, ಸಂಸಾರದ ಕೈ ಬರಿದಾದದ್ದು, ಗೆಳೆಯರು ದೂರವಾದದ್ದು ಮೇಲೆ ಬಂದವು. ಮೊದಲ ಆರು ತಿಂಗಳಲ್ಲೇ ಪುಸ್ತಕ ಮುಚ್ಚಿದ್ದರೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ. ನಮ್ಮಲ್ಲಿ ಆಪ್ತಸಮಾಲೋಚಕರ ತಂಡ ನಿರಾಶ್ರಿತರ ಶಿಬಿರಕ್ಕೆ ಬರುತ್ತದೆ, ಶಿಬಿರ ಮುಚ್ಚಿದ ದಿನ ತಂಡವೂ ಹೊರಡುತ್ತದೆ. ಮಕ್ಕಳ ನಿಜವಾದ ಕಷ್ಟ ಅನೇಕ ಸಲ ಅಲ್ಲಿಂದಾಚೆಗೆ ಶುರುವಾಗುತ್ತದೆ.

ಅಳೆಯುವುದು ಸುಲಭದ ಮಾತೇನೂ ಅಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಬಂದ ಅಂಕಿಅಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಲೆ ತಿರುಗುತ್ತದೆ. ತಮಿಳುನಾಡಿನಲ್ಲಿ 502 ಮಕ್ಕಳನ್ನು ಕುರಿತ ಒಂದು ಅಧ್ಯಯನ ಶೇ 70ಕ್ಕೂ ಹೆಚ್ಚು ಮಕ್ಕಳಲ್ಲಿ ಪಿಟಿಎಸ್‌ಡಿ ಇದೆ ಎಂದಿತು. ಶ್ರೀಲಂಕಾದಲ್ಲಿ ಮೂರು ನಾಲ್ಕು ವಾರಗಳ ನಂತರ ನೋಡಿದಾಗ ಊರಿನಿಂದ ಊರಿಗೆ ಶೇ 14ರಿಂದ 39ರವರೆಗೆ ಕಂಡುಬಂತು. ಥಾಯ್ಲೆಂಡಿನ ಶಿಬಿರಗಳಲ್ಲಿದ್ದ ಮಕ್ಕಳಲ್ಲಿ ಸಿಕ್ಕಿದ್ದು ಶೇ 13. ಸಮುದ್ರ ಒಂದೇ, ಅಲೆ ಒಂದೇ, ಸಂಖ್ಯೆ ಮಾತ್ರ ಐದು ಪಟ್ಟು ಹೆಚ್ಚುಕಡಿಮೆ. ಯಾವ ಪ್ರಶ್ನಾವಳಿ, ಯಾವ ತಿಂಗಳು, ಕೇಳಿದವರು ವೈದ್ಯರೋ ತರಬೇತಿ ಪಡೆದ ಕಾರ್ಯಕರ್ತರೋ, ಎಷ್ಟು ಅಂಕ ದಾಟಿದರೆ ‘ಇದೆ’ ಎನ್ನಬೇಕು, ಅಲೆ ಯಾವ ಊರನ್ನು ಎಷ್ಟು ನುಂಗಿತ್ತು ಎಂಬ ಪ್ರತಿಯೊಂದರಿಂದಲೂ ಫಲಿತಾಂಶ ಬದಲಾಗುತ್ತದೆ.

ಉದಾಹರಣೆಗೆ, ವಿಕೋಪಗಳ ನಂತರ ಮಕ್ಕಳಿಗೆ ಬಹಳ ಕಡೆ ಬಳಸುವ ಒಂದು ಮಾಪನದಲ್ಲಿ ಇರುವುದು ಎಂಟೇ ಪ್ರಶ್ನೆ. ಬೇಡವೆಂದರೂ ಆ ನೆನಪು ನುಗ್ಗಿ ಬರುತ್ತದೆಯೇ ಎಂಬ ಬಗೆಯವು ನಾಲ್ಕು, ಅದನ್ನು ನೆನಪಿಸುವ ಜಾಗ, ಮಾತುಗಳಿಂದ ತಪ್ಪಿಸಿಕೊಂಡು ಓಡಾಡುತ್ತೀಯಾ ಎಂಬ ಬಗೆಯವು ನಾಲ್ಕು. ಉತ್ತರಕ್ಕೆ ತಕ್ಕಂತೆ 0, 1, 3 ಅಥವಾ 5 ಅಂಕ. ಒಟ್ಟು 40ರಲ್ಲಿ 17 ಬಂದರೆ ಆ ಮಗುವನ್ನು ತಜ್ಞರು ನೋಡಬೇಕು ಎಂದರ್ಥ. ಆ ಮಗುವಿಗೆ ಕಾಯಿಲೆ ಇದೆ ಎಂದು ಅರ್ಥವಲ್ಲ. ಜರಡಿ ಹಿಡಿಯುವುದು ಬೇರೆ, ರೋಗ ನಿರ್ಣಯ ಬೇರೆ. ಈ ವ್ಯತ್ಯಾಸ ಅಳಿಸಿದ ಕೂಡಲೇ ‘ಸಂತ್ರಸ್ತ ಮಕ್ಕಳಲ್ಲಿ ಅರ್ಧಕ್ಕರ್ಧ ಮನೋರೋಗಿಗಳು’ ಎಂಬಂಥ ತಲೆಬರಹ ಹುಟ್ಟುತ್ತದೆ. ಅದರಿಂದ ಮಕ್ಕಳಿಗೆ ಇನ್ನೊಂದು ಗಾಯ.

ಹೋಲಿಕೆ ಇಲ್ಲದ ಅಳತೆಯೂ ದಾರಿ ತಪ್ಪಿಸುತ್ತದೆ. ಥಾಯ್ಲೆಂಡಿನ ಸಂಶೋಧಕರು ಮಾಡಿದ ಒಳ್ಳೆಯ ಕೆಲಸವೆಂದರೆ ಸುನಾಮಿ ತಟ್ಟದ ಹಳ್ಳಿಗಳ ಮಕ್ಕಳನ್ನೂ ಕೇಳಿದ್ದು. ಅಲ್ಲಿ ಶೇ 6ರಷ್ಟು ಮಕ್ಕಳಲ್ಲಿ ಅದೇ ಲಕ್ಷಣಗಳಿದ್ದವು. ನಮ್ಮಲ್ಲಿ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದಿತ್ತು. ಅಂದರೆ ವಿಕೋಪ ಬರುವ ಮೊದಲೂ ಮಕ್ಕಳಿಗೆ ನೋವಿತ್ತು. ಗುಡ್ಡ ಕುಸಿದ ಮೇಲೆ ಎಷ್ಟು ಹೆಚ್ಚಾಯಿತು ಎನ್ನಬೇಕಾದರೆ ಅದಕ್ಕೂ ಮೊದಲು ಎಷ್ಟಿತ್ತು ಎಂಬುದು ತಿಳಿದಿರಬೇಕು. ಕೊಡಗಿನ ಹಳೆಯ ಕಾಫಿ ಬೆಳೆಗಾರರ ಮನೆಗಳಲ್ಲಿ ದಶಕಗಳ ಮಳೆಯ ಲೆಕ್ಕ ಇಂಚಿನಲ್ಲಿ ಬರೆದಿಟ್ಟ ಪುಸ್ತಕಗಳಿರುತ್ತವೆ. ದಿನ ತಪ್ಪದೆ ಬರೆದದ್ದರಿಂದಲೇ ಈ ವರ್ಷದ ಮಳೆ ಹೆಚ್ಚೋ ಕಡಿಮೆಯೋ ಎಂದು ಅವರು ಖಚಿತವಾಗಿ ಹೇಳಬಲ್ಲರು. ಮಕ್ಕಳ ವಿಷಯದಲ್ಲಿ ನಮ್ಮ ಬಳಿ ಅಂಥ ಪುಸ್ತಕ ಇಲ್ಲ.

ಕೊಡಗಿನ ವಿಷಯದಲ್ಲಿ ಯಾವಾಗ ಅಳೆಯಬೇಕು ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಘಟನೆ ನಡೆದು ತಿಂಗಳು ಕಳೆಯುವವರೆಗೆ ಪಿಟಿಎಸ್‌ಡಿ ಎಂದು ಹೆಸರಿಡುವಂತಿಲ್ಲ, ಏಕೆಂದರೆ ಮೊದಲ ವಾರಗಳ ನಡುಕ, ನಿದ್ದೆಗೇಡು ಸಹಜವಾದದ್ದೇ. ಆದರೆ ಭೂಕಂಪ ಒಂದು ಸಲ ಬಂದು ಹೋಗುವಂಥದ್ದು, ಮಲೆನಾಡಿನ ಮಳೆ ಪ್ರತಿ ಜೂನ್‌ನಲ್ಲೂ ಬರುತ್ತದೆ. 2018ರ ನಂತರ 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿ ಗುಡ್ಡ ಜರಿಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು, ಎರಡು ವಾರ ಕಳೆಯುವಷ್ಟರಲ್ಲಿ ಗಡಿಯಾಚೆಯ ವಯನಾಡು. ರೆಡ್ ಅಲರ್ಟ್, ಶಾಲೆಗೆ ರಜೆ, ಟಿವಿಯಲ್ಲಿ ಮತ್ತೆ ಅದೇ ದೃಶ್ಯಗಳು. ಇಂಥ ಕಡೆ ಫೆಬ್ರುವರಿಯ ಬಿಸಿಲಿನಲ್ಲಿ ಕೂತು ಪ್ರಶ್ನೆ ಕೇಳಿದರೆ ‘ಈಗ ಏನೂ ಇಲ್ಲ’ ಎಂಬ ಉತ್ತರ ಬರಬಹುದು. ಜುಲೈನಲ್ಲಿ ಹಂಚಿನ ಮೇಲೆ ಮಳೆ ಬಡಿಯುವಾಗ ಅದೇ ಮಗು ಬೇರೆಯದೇ ಉತ್ತರ ಕೊಟ್ಟೀತು. ಒಣ ದಿನಗಳಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಕೇಳದೆ ಕೊಡಗಿನ ಮಕ್ಕಳ ಭಯದ ಆಳ ತಿಳಿಯುವುದಿಲ್ಲ.

ಮಕ್ಕಳು ತಮ್ಮ ಸಂಕಟವನ್ನು ಹೇಳುವ ಬಗೆಯೂ ಪ್ರಶ್ನಾವಳಿಯ ಚೌಕಟ್ಟಿಗೆ ಸುಲಭವಾಗಿ ಹೊಂದುವುದಿಲ್ಲ. ‘ಹೊಟ್ಟೆ ನೋಯ್ತದೆ’, ‘ತಲೆ ಭಾರ’, ‘ಊಟ ಸೇರಲ್ಲ’, ‘ಎದೆ ಡವಡವ ಅಂತದೆ’ ಎನ್ನುವ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜಂತುಹುಳದ ಮಾತ್ರೆ ಕೊಟ್ಟು ಕಳುಹಿಸಬಹುದು. ಕಾಫಿ ತೋಟದ ಲೈನ್ ಮನೆಗಳಲ್ಲಿ ಬೆಳೆಯುವ ಮಕ್ಕಳ ಮನೆಮಾತು ಬೇರೆ ಬೇರೆ. ಅವರಿಗೆ ಬೆಂಗಳೂರಿನ ಕನ್ನಡದಲ್ಲಿ ಅಚ್ಚಾದ ಹಾಳೆ ಹಂಚಿ ಗುರುತು ಹಾಕಿಸಿದರೆ ಸಿಗುವುದು ಗುರುತುಗಳು ಮಾತ್ರ. ಉತ್ತರ ಕರ್ನಾಟಕದ ಕಥೆಯೇ ಬೇರೆ. 2009ರ ಅಕ್ಟೋಬರ್‌ನ ನೆರೆಯಲ್ಲಿ ಮನೆ ಕಳೆದುಕೊಂಡು ‘ಆಸರೆ’ ಪುನರ್ವಸತಿ ಮನೆಗಳಿಗಾಗಿ ಕಾದ ಮಕ್ಕಳೇ 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಉಕ್ಕಿದಾಗ ಹದಿನೆಂಟು ಇಪ್ಪತ್ತರ ಯುವಕ ಯುವತಿಯರಾಗಿದ್ದರು. ಎರಡು ಸಲ ಎಲ್ಲವನ್ನೂ ಕಳೆದುಕೊಂಡ ಯುವಕನಲ್ಲಿ ಕಾಣಿಸುವುದು ಭಯಕ್ಕಿಂತ ಹೆಚ್ಚಾಗಿ ಓದು ಬಿಡುವುದು, ಊರು ಬಿಡುವುದು, ಕುಡಿತ. ಪಿಟಿಎಸ್‌ಡಿ ಒಂದನ್ನೇ ಅಳೆಯುವವರ ಲೆಕ್ಕಕ್ಕೆ ಇವರು ಸಿಗುವುದೇ ಇಲ್ಲ. ಶಾಲೆಯ ಹಾಜರಾತಿ, ಅರ್ಧಕ್ಕೆ ಓದು ಬಿಟ್ಟವರ ಪಟ್ಟಿ, ಬಾಲ್ಯವಿವಾಹದ ದೂರುಗಳು, ಇವನ್ನೂ ಸೇರಿಸಿಕೊಂಡು ನೋಡಿದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ.

ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಊರುಗಳನ್ನು 2024ರ ಜುಲೈ 30ರ ನಸುಕಿನಲ್ಲಿ ನುಂಗಿದ ಭೂಕುಸಿತದಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಬದುಕು ಅರಸಿ ಅಲ್ಲಿಗೆ ಹೋಗಿದ್ದ ಕರ್ನಾಟಕ ಮೂಲದವರೂ ಅವರಲ್ಲಿದ್ದರು. ವೆಳ್ಳಾರ್‌ಮಲದ ಸರ್ಕಾರಿ ಶಾಲೆ ತನ್ನ ಅನೇಕ ವಿದ್ಯಾರ್ಥಿಗಳನ್ನು ಕಳೆದುಕೊಂಡಿತು. ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಆ ಶಾಲೆಯನ್ನು ಮತ್ತೆ ತೆರೆಯಲಾಯಿತು. ಇದು ಸರಿಯಾದ ಹೆಜ್ಜೆ. ಹಳೆಯ ಮೇಷ್ಟ್ರು, ಹಳೆಯ ಗೆಳೆಯರು, ಬೆಳಗಿನ ಗಂಟೆ, ಇವು ಮಗುವಿಗೆ ಎಷ್ಟೋ ಸಮಾಲೋಚನೆಗಳಿಗಿಂತ ಮಿಗಿಲು. ಮರುವರ್ಷ ಆ ಶಾಲೆಯ ಎಸ್ಸೆಸ್ಸೆಲ್ಸಿ ಮಕ್ಕಳೆಲ್ಲ ಪಾಸಾದರು ಎಂಬ ಸುದ್ದಿ ಬಂದಾಗ ಓದಿದವರಿಗೆಲ್ಲ ಸಂತೋಷವಾಯಿತು. ಆದರೆ ಪರೀಕ್ಷೆಯ ಅಂಕವನ್ನು ಮನಸ್ಸಿನ ಅಂಕವೆಂದು ಓದಬಾರದು. ಪಾಸಾದ ಮಗುವೂ ರಾತ್ರಿ ಬೆಚ್ಚಿ ಏಳಬಹುದು.

ಇಷ್ಟೆಲ್ಲ ಹೇಳುವಾಗ ಒಂದು ಎಚ್ಚರಿಕೆ ಬೇಕು. ವಿಕೋಪ ನಡೆದ ಊರಿಗೆ ಪ್ರಶ್ನಾವಳಿ ಹಿಡಿದುಕೊಂಡು ಬರುವವರಿಗೆ ಬರವಿಲ್ಲ. ವಿಶ್ವವಿದ್ಯಾಲಯದವರು, ಸ್ವಯಂಸೇವಾ ಸಂಸ್ಥೆಯವರು, ಪತ್ರಕರ್ತರು, ಒಬ್ಬರ ಹಿಂದೆ ಒಬ್ಬರು ಬಂದು ಆ ರಾತ್ರಿ ಏನಾಯಿತು ಎಂದು ಅದೇ ಮಗುವಿನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುತ್ತಾರೆ. ಆಘಾತವಾದ ತಕ್ಷಣ ಎಲ್ಲವನ್ನೂ ಒಂದೇ ಸಲ ಹೊರಹಾಕಿಸಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯೂ ಒಂದು ಕಾಲಕ್ಕೆ ಚಾಲ್ತಿಯಲ್ಲಿತ್ತು. ಸಂಶೋಧನೆ ಅದನ್ನು ಎತ್ತಿಹಿಡಿಯಲಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ 2007ರಲ್ಲಿ ಹೊರಡಿಸಿದ ಮಾರ್ಗಸೂಚಿ ಸಮೀಕ್ಷೆಗಳ ನಡುವೆ ಹೊಂದಾಣಿಕೆ ಇರಬೇಕು, ಜನರನ್ನು ವೃಥಾ ಕಾಡಬಾರದು ಎನ್ನುತ್ತದೆ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2009ರಲ್ಲಿ ಮನೋಸಾಮಾಜಿಕ ಆಸರೆ ಕುರಿತು ಪ್ರತ್ಯೇಕ ಮಾರ್ಗಸೂಚಿ ತಂದಿದೆ. ಎಣಿಸಿ, ವರದಿ ಬರೆದು, ಕೈಬಿಟ್ಟು ಹೋಗುವ ಅಳತೆ ಮಗುವಿಗೆ ಮಾಡುವ ದ್ರೋಹ. ಆ ಎಂಟು ಪ್ರಶ್ನೆಗಳಲ್ಲಿ 17 ಅಂಕ ಮುಟ್ಟಿದ ಮಗುವಿಗೆ ವಾರದೊಳಗೆ ಯಾರು ಸಿಗುತ್ತಾರೆ ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಪ್ರಶ್ನೆಯನ್ನೇ ಕೇಳಬಾರದು.

ಉತ್ತರ ಕೊಡುವ ಶಕ್ತಿ ಕರ್ನಾಟಕಕ್ಕಿದೆ. 1981ರ ಫೆಬ್ರುವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ, ಅವರಲ್ಲಿ ಹೆಚ್ಚಿನವರು ಮಕ್ಕಳು, ಸತ್ತಾಗ ಶೋಕದಲ್ಲಿದ್ದ ಕುಟುಂಬಗಳನ್ನು ಕಂಡು ಮಾತನಾಡಿಸಿದ್ದು ನಿಮ್ಹಾನ್ಸ್. ಭೋಪಾಲ್ ಅನಿಲ ದುರಂತದಿಂದ ಹಿಡಿದು ಸುನಾಮಿಯವರೆಗೆ ದೇಶಕ್ಕೆ ದಾರಿ ತೋರಿದ್ದೂ ಅದೇ ಸಂಸ್ಥೆ. ಜಿಲ್ಲಾ ಮಟ್ಟದಲ್ಲಿ ಸಾಮಾನ್ಯ ವೈದ್ಯರಿಂದಲೇ ಮಾನಸಿಕ ಆರೋಗ್ಯ ಸೇವೆ ಕೊಡಿಸಬಹುದು ಎಂದು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ, ಇಂದು ದೇಶದಾದ್ಯಂತ ನಡೆಯುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಆರೋಗ್ಯ ರಾಯಭಾರಿಗಳಾಗಿ ತರಬೇತಿ ಕೊಡಬೇಕೆಂದಿದೆ. 25 ಪ್ರಶ್ನೆಗಳ, 11ರಿಂದ 17 ವರ್ಷದ ಮಕ್ಕಳು ತಾವೇ ಉತ್ತರಿಸಬಹುದಾದ ಎಸ್‌ಡಿಕ್ಯೂ ಎಂಬ ಮಾಪನ ಕನ್ನಡದಲ್ಲೂ ಇದೆ. ಹೊಸ ಕಟ್ಟಡ ಬೇಡ, ಹೊಸ ಇಲಾಖೆ ಬೇಡ.

ಬೇಕಾಗಿರುವುದು ಇಷ್ಟು. ಕೊಡಗು, ಉತ್ತರ ಕನ್ನಡ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ವಿಕೋಪಪೀಡಿತ ಹೋಬಳಿಗಳ ಪ್ರತಿ ಪ್ರೌಢಶಾಲೆ, ಪಿಯು ಕಾಲೇಜಿನಲ್ಲಿ ವರ್ಷಕ್ಕೆ ಎರಡು ಸಲ ಮಕ್ಕಳನ್ನೇ ಕೇಳಿ ಮಾಡುವ ಎಣಿಕೆ. ಪಕ್ಕದ ಸುರಕ್ಷಿತ ಹೋಬಳಿಯ ಒಂದೆರಡು ಶಾಲೆಗಳಲ್ಲೂ ಅದೇ ಎಣಿಕೆ. ಮಗುವಿನ ಹೆಸರು ಗುಟ್ಟಾಗಿರಬೇಕು, ಒಟ್ಟು ಸಂಖ್ಯೆ ಸಾರ್ವಜನಿಕವಾಗಬೇಕು. ಗುರುತಿಸಿದ ಮಗುವನ್ನು ಜಿಲ್ಲಾ ಮಾನಸಿಕ ಆರೋಗ್ಯ ತಂಡ ಶಾಲೆಗೇ ಬಂದು ನೋಡಬೇಕು. ಇದು ಕನಿಷ್ಠ ಐದು ವರ್ಷ ನಿಲ್ಲದೆ ನಡೆಯಬೇಕು. ಖರ್ಚು ವಿಪತ್ತು ನಿರ್ವಹಣೆಯ ಲೆಕ್ಕದಲ್ಲೇ ಬೀಳಬೇಕು, ಏಕೆಂದರೆ ಇದೂ ವಿಪತ್ತಿನ ಹಾನಿಯೇ. ಮುಂದಿನ ಮುಂಗಾರಿಗೆ ಮುನ್ನ ರಾಜ್ಯ ಸರ್ಕಾರ ಇದನ್ನು ಕೊಡಗಿನಿಂದ ಆರಂಭಿಸಬೇಕು.

ಅಲ್ಲಿಯವರೆಗೆ ಹೆತ್ತವರು, ಶಿಕ್ಷಕರು ಕಾಯುತ್ತಾ ಕೂರಬೇಕಿಲ್ಲ. ಮಳೆ ಜೋರಾದ ದಿನ ಮಗುವನ್ನು ಹತ್ತಿರ ಕೂರಿಸಿಕೊಂಡು ‘ನಿದ್ದೆ ಬರ್ತಿದೆಯಾ?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ನಿಮ್ಮಿಂದ ನಿಭಾಯಿಸಲಾಗದ ಮಾತು ಬಂದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.